ಬಲೆಯ ಗಂಟು, ಐಸ್ ಮೀನು

ಮೊನ್ನೆ ಬ್ರಿಸ್ಬೇನಿನಲ್ಲಿ, ಟೂವಾಂಗಿನ ನದಿ ದಂಡೆಯಲ್ಲಿ ಮಗಳ ಜೊತೆ ನಡೆದು ಹೋಗುತ್ತಿದ್ದೆ. ಗಡ್ಡದವನೊಬ್ಬ ಬೆಂಚಿನ ಪಕ್ಕ ಗಾಳದ ಕೋಲು ಒರಗಿಸಿ, ಪ್ಲಾಸ್ಟಿಕ್ ಪೊಟ್ಟಣ ಹರಿದ. ಒಳಗೆ ಐಸ್ ಕರಗಿ ಹೊಟ್ಟೆ ಒಡೆದ ಬೈಗೆ, ಅಂದರೆ ಬೂತಾಯಿ ಮೀನು. ಗಾಳಿ ನಮ್ಮ ಕಡೆಗೇ ಇತ್ತು. ಶೋಭಾ ಮೂಗು ಮುಚ್ಚಿಕೊಂಡು, "ಅಮ್ಮ, ಬೇಗ ಬಾ, ಹೋಪ" ಅಂದಳು. ಗಂಗೊಳ್ಳಿ ಬಂದರಿನಲ್ಲಿ ಹುಟ್ಟಿ ಬೆಳೆದವಳು ಮೀನಿನ ವಾಸನೆಗೆ ಮೂಗು ಮುಚ್ಚುವುದಿಲ್ಲ. ಅವಳು ಮುಚ್ಚಿದ್ದು ಬೇರೆಯದಕ್ಕೆ. ನಾನು ನಿಂತು ನೋಡಿದೆ. ಅವನು ಮೀನನ್ನು ಡೊಂಕಾಗಿ ಸಿಕ್ಕಿಸುತ್ತಿದ್ದ. ಡೊಂಕಾದರೆ ನೀರಿನಲ್ಲಿ ಬುಗುರಿ ಹಾಗೆ ತಿರುಗುತ್ತದೆ, ದೊಡ್ಡ ಮೀನು ಹತ್ತಿರ ಬರುವುದಿಲ್ಲ. ಹೇಳಲು ನನಗೆ ಇಂಗ್ಲಿಷ್ ಬರುವುದಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ. ನನಗೆ ಗೊತ್ತಾಗಿದ್ದು ಯಾವ ಉಪಯೋಗಕ್ಕೂ ಬರಲಿಲ್ಲ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕೂತು ಬರೆಯುವ ಅಭ್ಯಾಸವಿಲ್ಲ. ಆದರೆ ಶೋಭಾ ಈಗೀಗ ಜನ ಸೇರಿದಲ್ಲೆಲ್ಲ ಅವಳ ಅಪ್ಪನ ಕೊನೆಯ ತಿಂಗಳುಗಳ ಕತೆಯನ್ನು ಚಂದ ಮಾಡಿ ಹೇಳಲು ಶುರು ಮಾಡಿದ್ದಾಳೆ. ಕೇಳಿದವರು ಕಣ್ಣು ಒರೆಸಿಕೊಳ್ಳುತ್ತಾರೆ. ನಡೆದದ್ದು ಹಾಗಲ್ಲ. ಅದಕ್ಕೇ ಬರೆದಿಡುತ್ತೇನೆ.

ಆಗ ಮಗಳು ಅಳಿಯ ಇದ್ದದ್ದು ಆಸ್ಟ್ರೇಲಿಯಾದ ಇನ್ನೊಂದು ತುದಿಯ ಪರ್ತ್‌ನಲ್ಲಿ, ಥಾರ್ನ್ಲಿಯಲ್ಲಿ. ಅಳಿಯ ನವೀನ ಮೈಸೂರಿನವನು, ಗಣಿಯಲ್ಲಿ ಇಂಜಿನಿಯರು. ಎರಡು ವಾರ ವಿಮಾನದಲ್ಲಿ ಮರುಭೂಮಿಗೆ ಹೋಗಿ ಕೆಲಸ ಮಾಡುವುದು, ವಾರ ಮನೆಯಲ್ಲಿರುವುದು. ಅವನ ಮನೆಯವರು ಮೊಟ್ಟೆಯನ್ನೂ ಮುಟ್ಟದವರು. ನಾವು ಮೊಗವೀರರು, ಮೀನೇ ಬದುಕು. ಮದುವೆಯ ಹೊತ್ತಿಗೆ ಎರಡೂ ಕಡೆ ಬೇಕಾದಷ್ಟು ಕೂಗಾಡಿ ಆಗಿತ್ತು, ಆಮೇಲೆ ಎಲ್ಲ ಸುಮ್ಮನಾದರು.

ನಾನೂ ನನ್ನ ಗಂಡನೂ ಬೇಸಿಗೆ ಕಳೆದು ಬರೋಣ ಅಂತ ಹೋದವರು. ಅವರು ಸುತ್ತುಬಲೆ ಬೀಸುವ ಪರ್ಸೀನ್ ಬೋಟಿನ ತಾಂಡೇಲರಾಗಿದ್ದವರು. ಬೋಟಿನಲ್ಲಿ ಮೂವತ್ತು ಜನ ಇದ್ದರೂ ಬಲೆ ಯಾವಾಗ ಇಳಿಸಬೇಕು ಅಂತ ಹೇಳುವುದು ತಾಂಡೇಲ ಒಬ್ಬನೇ. ಹಾಗೆ ಹೇಳಿ ಹೇಳಿ ಮನೆಯಲ್ಲೂ ಅವರದು ಅದೇ ಗತ್ತು. ಅಲ್ಲಿಗೆ ಹೋದ ಮೇಲೆ ಅವರಿಗೆ ಅನ್ನ ಗಂಟಲಲ್ಲಿ ನಿಲ್ಲತೊಡಗಿತು. ಮೊದಲು ಅನ್ನ, ಆಮೇಲೆ ಗಂಜಿ. ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿ, ಅನ್ನನಾಳದಲ್ಲಿ ಗಡ್ಡೆ ಅಂದರು. ಕೊಯ್ಯುವ ಕಾಲ ದಾಟಿದೆ ಅಂದರು. ನಾಳದೊಳಗೆ ಬಲೆಯಂಥ ಒಂದು ಸಣ್ಣ ಕೊಳವೆ ಕೂರಿಸಿ, ಮೆತ್ತಗಿನದು ಇಳಿಯುತ್ತದೆ, ತಿನ್ನಿಸಿ ಅಂತ ಕಳಿಸಿದರು.

ಅವರಿಗೆ ಇದ್ದದ್ದು ಒಂದೇ ಹಟ. ಊರಿಗೆ ಹೋಗಿ ಸಾಯಬೇಕು. "ಈ ಊರಂಗೆ ಕಡ್ಲ್ ಇತ್, ಬಂದರ್ ಇತ್, ನನ್ನ್ ಹೊರುಕೆ ನಾಲ್ಕ್ ಜನ ಇಲ್ಲ" ಅನ್ನುತ್ತಿದ್ದರು. ವಿಮಾನದವರು ಡಾಕ್ಟರ ಚೀಟಿ ಇಲ್ಲದೆ ಹತ್ತಿಸುವುದಿಲ್ಲ. ಡಾಕ್ಟರು, ಬಾಯಲ್ಲಿ ತಿಂದು ತೂಕ ಇಳಿಯುವುದು ನಿಲ್ಲಲಿ, ಕಾಲಿಗೆ ಬಲ ಬರಲಿ, ಆಗ ಬರೆದುಕೊಡುತ್ತೇನೆ ಅಂದರು. ತಿಂದರೆ ಊರು. ಅಷ್ಟೇ ಲೆಕ್ಕ.

ಅವರು ತಿನ್ನಲಿಲ್ಲ. ಡಬ್ಬಿಯ ಹಾಲು ಹಿಟ್ಟನ್ನು ಉಗಿದರು. ಶೋಭಾ ಅಂಗಡಿಯಿಂದ ಕೆಂಪು ಬಣ್ಣದ ಸಾಲ್ಮನ್ ತಂದಳು. ಅವರು ಬೆರಳಿನಿಂದ ಒತ್ತಿ ನೋಡಿದರು. ಬೆರಳು ಒತ್ತಿದ ಗುಳಿ ಹಾಗೇ ಉಳಿಯಿತು.

"ಇದ್ ಸತ್ ಎಷ್ಟ್ ದಿನ ಆಯ್ತ್?"

"ಫ್ರೆಶ್ ಅಂತ ಬರ್ದಿದ್ರ್ ಅಪ್ಪ."

"ಬರ್ದ್‌ದ್ ಓದುಕೆ ನಂಗ್ ಬತ್ತಿಲ್ಲ. ಮೀನ್ ಓದುಕೆ ಬತ್ತ್. ಐಸ್ ಮೀನ್ ನಾ ತಿಂತಿಲ್ಲೆ. ಜೀವ ಇಪ್ಪ್ ಮೀನ್ ತಕಂಡ್ ಬನ್ನಿ, ತಿಂತೆ."

ಹುಟ್ಟಿದಾಗಿನಿಂದ ಅವರು ಐಸ್ ಮೀನು ತಿಂದವರಲ್ಲ. ಮಳೆಗಾಲದಲ್ಲಿ ಬೋಟು ನಿಂತಾಗ ಒಣ ಮೀನು ತಿಂದಾರು, ಐಸಿನದು ಮುಟ್ಟರು. ಅದು ಅವರ ಜಂಬ. ನಾನು ಬುಟ್ಟಿ ಹೊತ್ತು ಐಸ್ ಮೀನು ಮಾರಿ ಬಂದರೆ ಕೈ ತೊಳೆಯುವ ತನಕ ಬಡಿಸಲು ಬಿಡುತ್ತಿರಲಿಲ್ಲ.

ನವೀನ ರಜೆಯಲ್ಲಿ ಬಂದವನು ಇದನ್ನು ಕೇಳಿ, ಪರ್ತ್‌ನ ಬಂದರು ಫ್ರೀಮ್ಯಾಂಟಲ್ಲಿನ ಕಲ್ಲು ದಂಡೆಯಲ್ಲಿ ಸಾಲ್ಮನ್ ಬರುವ ಕಾಲ ಇದು, ಹಿಡಿಯೋಣ ಅಂದ. ಅಲ್ಲಿಯ ಸಾಲ್ಮನ್ ಅಂಗಡಿಯ ಕೆಂಪು ಮೀನಲ್ಲ, ಹೆಸರು ಮಾತ್ರ ಒಂದು. ಬೆನ್ನು ಹಸಿರುಗಪ್ಪು, ಮೈ ಬೆಳ್ಳಿ, ಒಳಗೆ ಕಪ್ಪು ಮಾಂಸ. ಬಿಸಿಲು ಇಳಿಯುವ ತಿಂಗಳುಗಳಲ್ಲಿ ತೆಂಕಣ ಕಡಲಿನಿಂದ ಗುಂಪಾಗಿ ಮೇಲೆ ಬರುತ್ತದೆ, ಚಳಿ ಮಳೆ ಹಿಡಿದರೆ ಇಲ್ಲ. ನವೀನ ಫೋನಿನಲ್ಲಿ ಹತ್ತಾರು ವಿಡಿಯೋ ನೋಡಿ, ಎರಡು ಕೋಲು, ಒಂದು ಪೆಟ್ಟಿಗೆ ತುಂಬ ಸಾಮಾನು ತಂದ. ಮೀನಿನ ಹಾಗೆ ಹೊಳೆಯುವ ಲೋಹದ ತುಂಡು, ನೀರಿನ ಮೇಲೆ ಗುಳುಗುಳು ಅನ್ನುವ ಬಣ್ಣದ ಗುಂಡು, ನಕ್ಷತ್ರದಂಥ ಸೀಸ, ಒಂದರ ಬಾಲಕ್ಕೆ ಒಂದು ಕೂಡಿಸಿದ ಮೂರು ಗಾಳಗಳ ಸರಪಳಿ. ಎರೆಗೆ ಐಸಿನ ಬೈಗೆ. ಅಲ್ಲಿ ಅದಕ್ಕೆ ಮ್ಯೂಲಿ ಅನ್ನುತ್ತಾರೆ. ನಾನು ಜೀವಮಾನವಿಡೀ ತಲೆ ಮೇಲೆ ಹೊತ್ತು ಮಾರಿದ ಮೀನು ಅಲ್ಲಿ ಬೇರೆ ಮೀನಿನ ತಿಂಡಿ.

"ಮಾವ, ಇಡೀ ಮ್ಯೂಲಿನ ಮೂರು ಗಾಳಕ್ಕೂ ಉದ್ದಕ್ಕೆ ಸಿಕ್ಕಿಸ್ಬೇಕು. ಕೊನೇ ಗಾಳ ಕಣ್ಣಲ್ಲಿ ಬರ್ಬೇಕು. ಸೀಸ ಚಿಕ್ಕದು ಸಾಕು, ನೀರಲ್ಲಿ ತೇಲ್ತಾ ಇರ್ಬೇಕು" ಅಂತ ನವೀನ ವಿವರಿಸಿದ. ಮುಟ್ಟಲು ಮಾತ್ರ ಅವನಿಂದ ಆಗದು. ಪಾತ್ರೆ ತೊಳೆಯುವ ಹಳದಿ ಗವಸು ಹಾಕಿಕೊಂಡು, ಮುಖ ಆಚೆ ತಿರುಗಿಸಿ ಎರಡು ಬೆರಳಿನಲ್ಲಿ ಬಾಲ ಹಿಡಿದಿದ್ದ.

ಇವರು ನಕ್ಕರು. ತಿಂಗಳಾದ ಮೇಲೆ ನಕ್ಕದ್ದು. "ಅಳಿಯಂದ್ರೇ, ಬಾಣಂತಿ ಬಟ್ಟಿ ಹಿಡ್ದಂಗ್ ಹಿಡ್ಕಂಡಿರಿ! ಕೊಡಿ ಇತ್ಲಾಗೆ."

ತಕ್ಕೊಂಡವರು ಮ್ಯೂಲಿಯನ್ನು ತುಂಡು ತುಂಡು ಮಾಡಿದರು. ಒಂಟಿ ಗಾಳ, ದೊಡ್ಡ ಸೀಸ, ಅಡಿಗೆ ಬಿಡುವುದು. ಬಲೆಯವರಿಗೆ ಗಾಳ ಅಂದರೆ ಸದರ, ಕೆಲಸವಿಲ್ಲದವರು ಹೊಳೆ ಬದಿಯಲ್ಲಿ ಹೊತ್ತು ಕಳೆಯುವ ಸಾಮಾನು. ಅದಕ್ಕೂ ಕಲಿಯುವುದು ಇದೆ ಅಂತ ಅವರಿಗೆ ಅನಿಸಲೇ ಇಲ್ಲ. ಗಂಟನ್ನೂ ಬಲೆ ಹೆಣೆಯುವ ಗಂಟೇ ಹಾಕಿದರು. ಕಟ್ಟುವಾಗ ದಾರದ ತುದಿ ಎರಡು ಸಲ ಕೈ ತಪ್ಪಿತು. ನಾನು ಹಿಡಿದುಕೊಳ್ಳಲು ಹೋದೆ.

"ಹೆಂಗ್ಸ್ ಗಾಳ ಮುಟ್ಟುಕಾಗ. ದೂರ ಕೂಕೋ."

ನಮ್ಮಲ್ಲಿ ಹಾಗೇ. ಬಲೆ ಹರಡಿದ್ದರೆ ಹೆಂಗಸು ದಾಟಬಾರದು, ಬೋಟು ಹತ್ತಬಾರದು. ಮೀನು ದಡಕ್ಕೆ ಬಿದ್ದ ಮೇಲೆ ಎಲ್ಲ ನಮ್ಮದು. ಹೊರುವುದು, ಕೂಗುವುದು, ಕೊಯ್ಯುವುದು, ಬೇಯಿಸುವುದು. ಅಷ್ಟು ವರ್ಷ ಮೀನಿನಲ್ಲಿ ಬದುಕಿದವಳು ನಾನು ಒಂದು ಮೀನು ಹಿಡಿದವಳಲ್ಲ. ದೂರ ಕೂತೆ.

"ಮಾವ, ಆ ಗಂಟು ಜಾರತ್ತೆ. ಬಲೆ ನೂಲಲ್ಲ ಇದು, ನುಣ್ಣಗಿರತ್ತೆ. ಇಲ್ನೋಡಿ ವಿಡಿಯೋದಲ್ಲಿ, ದಾರಾನ ಅದರ ಮೇಲೇ ಸುತ್ತಿ, ಎಂಜಲು ಹಚ್ಚಿ ಎಳೀತಾನೆ."

"ಅಳಿಯಂದ್ರೇ, ನಿಮ್ಮ್ ಫೋನ್ ಎಷ್ಟ್ ವರ್ಷ ಕಡ್ಲಿಗ್ ಹೋಯ್ತ್, ಹೇಳಿ ಕಾಂಬ?"

ನವೀನ ಫೋನನ್ನು ಜೇಬಿಗೆ ಹಾಕಿಕೊಂಡ. ಅವನು ಒಳ್ಳೆಯವನು. ಆ ಹೊತ್ತಿಗೆ ಸ್ವಲ್ಪ ಕೆಟ್ಟವನಾಗಿದ್ದರೆ ಒಳ್ಳೆಯದಿತ್ತು.

ಹಾಗೆ ಶುರುವಾಯಿತು. ನವೀನ ಇದ್ದ ವಾರ ಅವನು, ಇಲ್ಲದ ವಾರ ಶೋಭಾ ಕೆಲಸಕ್ಕೆ ಹೋಗುವ ಮೊದಲು ಬೆಳಗಾಗುವಾಗ ಕರೆದುಕೊಂಡು ಹೋಗುವುದು. ಬೆಳಗ್ಗೆ ಒಳನಾಡಿನ ಒಣ ಗಾಳಿ ಬೆನ್ನಿಗೆ ಹೊಡೆಯುತ್ತದೆ, ತುಟಿ ಒಡೆಯುತ್ತದೆ. ಹೊತ್ತೇರಿದ ಮೇಲೆ ಕಡಲಗಾಳಿ ತಿರುಗಿ, ಕೋಲು ಹಿಡಿದು ನಿಲ್ಲಲು ಬಿಡುವುದಿಲ್ಲ. ಪಕ್ಕದಲ್ಲೇ ಮನೆಯಷ್ಟು ಎತ್ತರದ ಕಂಟೇನರುಗಳನ್ನು ಹೊತ್ತ ಹಡಗು ಸದ್ದಿಲ್ಲದೆ ಹೋಗುತ್ತದೆ. ಇವರಿಗೆ ಮಡಿಚುವ ಕುರ್ಚಿ, ಮೈಮೇಲೆ ಕಂಬಳಿ. ಎಸೆಯಲು ತೋಳಿನಲ್ಲಿ ಬಲ ಇರಲಿಲ್ಲ, ಎಸೆದುಕೊಡುವುದು ಪಕ್ಕದಲ್ಲಿ ನಿಂತ ಯಾರೋ ಒಬ್ಬ ಗಂಡಸು. ಗಂಡಸು ಮುಟ್ಟಬಹುದು.

ಸಿಕ್ಕಿದ್ದು ಹೊಟ್ಟೆ ಉಬ್ಬಿಸುವ ವಿಷದ ಮೀನು ಮಾತ್ರ. ಅಂಗೈಯಷ್ಟಿರುತ್ತದೆ, ಎರೆಯ ತುಂಡನ್ನು ಕಚ್ಚಿ ಕಚ್ಚಿ ಮುಗಿಸುತ್ತದೆ. ಎಳೆದರೆ ಚೆಂಡಿನ ಹಾಗೆ ಉಬ್ಬಿ ಹಲ್ಲು ತೋರಿಸುತ್ತದೆ. ಇವರು ಪ್ರತಿ ಸಲವೂ ಅದನ್ನು ಗಾಳದಿಂದ ಬಿಡಿಸಿ ಕಲ್ಲಿಗೆ ಬಡಿಯುತ್ತಿದ್ದರು. ಅಕ್ಕಪಕ್ಕದವರು ಉದ್ದಕ್ಕೆ ಸಿಕ್ಕಿಸಿದ ಮ್ಯೂಲಿಗೆ ತೋಳುದ್ದದ ಸಾಲ್ಮನ್ ಎಳೆಯುತ್ತಿದ್ದರು. ಅದನ್ನು ಇವರು ನೋಡಲಿಲ್ಲ, ಕೇಳಿದರೆ "ಅವ್ರ್ ಗ್ರಹಚಾರ ಒಳ್ಳೇದಿತ್" ಅಂದರು. ಮನೆಗೆ ಬಂದರೆ ಎರಡು ಚಮಚ ಗಂಜಿನೀರು. ನಾನು ಸೀರೆಯ ಸೆರಗಿನಲ್ಲಿ ಅವರ ಬಾಯಿ ಒರೆಸಿ, ನಾಳೆ ಸಿಗುತ್ತದೆ ಅನ್ನುವುದು. ಅವರ ಪ್ಯಾಂಟಿಗೆ ಸೊಂಟದಲ್ಲಿ ದಾರ ಕಟ್ಟುವ ಹಾಗಾಯಿತು.

ಒಂದು ಬೆಳಗ್ಗೆ ಗಾಳಿ ಬಿದ್ದು ನೀರು ಎಣ್ಣೆ ಹೊಯ್ದ ಹಾಗಿತ್ತು. ಇವರು ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ಎದ್ದು ನಿಂತರು. ದೂರದಲ್ಲಿ, ಯಾರ ದಾರವೂ ಮುಟ್ಟದಷ್ಟು ದೂರದಲ್ಲಿ, ಮೋಡದ ನೆರಳಿನ ಹಾಗೆ ನೀರು ಕಪ್ಪಾಗಿತ್ತು. ಆಕಾಶದಲ್ಲಿ ಮೋಡ ಇರಲಿಲ್ಲ.

"ಕಾಣ್! ಮೀನ್ ಕಪ್ಪ್ ಕಟ್ಟಿತ್!" ಅವರ ಗಂಟಲಿನಿಂದ ಅಂಥ ಸ್ವರ ಬಂದು ಎಷ್ಟೋ ಕಾಲವಾಗಿತ್ತು. "ಬಲೆ ಇಳ್ಸಿ! ಬಲೆ ಇಳ್ಸಿ ಮಕ್ಳೇ! ತಿರ್ಗಿ, ತೆಂಕ್ ಬದಿಂದ ತಿರ್ಗಿ!"

ದಂಡೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವರ ಕೈ ಗಾಳಿಯಲ್ಲಿ ಬೋಟು ತಿರುಗಿಸುತ್ತಿತ್ತು. ಆ ಕಪ್ಪು ನಿಧಾನವಾಗಿ, ನಮಗೆ ಅಡ್ಡವಾಗಿ, ಬಡಗು ಕಡೆ ಸಾಗಿ ಹೋಯಿತು. ಒಂದು ಬಲೆ, ಒಂದು ಬೋಟು ಇದ್ದಿದ್ದರೆ ಊರಿಗೆ ಊರೇ ಉಣ್ಣುವಷ್ಟು. ಅವರು ಕೂತರು. ಕಂಬಳಿ ಎಳೆದುಕೊಂಡರು. "ಹೋಯ್ತ್" ಅಂದರು. ಸಿಡುಕಲಿಲ್ಲ, ಬಯ್ಯಲಿಲ್ಲ. ನನಗೆ ಆವತ್ತೇ ಗೊತ್ತಾಗಬೇಕಿತ್ತು.

ಅದರ ಮುಂದಿನ ವಾರ ನವೀನ ರಜೆಯಲ್ಲಿದ್ದ. ಮಾವನ ಎದುರು ಮಾತಾಡದೆ, ಅವರ ಪೆಟ್ಟಿಗೆಯಲ್ಲಿ ಮೂರು ಗಾಳದ ಸರಪಳಿ ಇಟ್ಟು, ಒಂಟಿ ಗಾಳಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ. ಹುಡುಕಿ ಸಿಗದೆ ಇವರು ಸರಪಳಿಯನ್ನೇ ಕಟ್ಟಿದರು. ಕಟ್ಟಿದ್ದು ಮಾತ್ರ ಬಲೆಯ ಗಂಟು. ನವೀನ ಇಡೀ ಮ್ಯೂಲಿ ಸಿಕ್ಕಿಸಿ ಎಸೆದು, ಕೋಲನ್ನು ಅವರ ಕೈಗೆ ಕೊಟ್ಟ. ಕೊಟ್ಟು ಸ್ವಲ್ಪ ಹೊತ್ತಾಗಿರಬಹುದು. ಕೋಲು ಬಗ್ಗಿತು. ಹಾಗೆ ಬಗ್ಗಿದ್ದನ್ನು ಅದುವರೆಗೆ ನೋಡಿರಲಿಲ್ಲ. ಇವರು ಕುರ್ಚಿ ಒದ್ದು ಎದ್ದರು. ದಾರದ ಉರುಳೆ ಕಿರುಚುತ್ತಿತ್ತು. ಮೀನು ನೀರಿನಿಂದ ಪೂರ್ತಿ ಮೇಲೆ ಹಾರಿ ತಲೆ ಕೊಡವಿತು. ಬಿಸಿಲಿಗೆ ತಟ್ಟೆಯ ಹಾಗೆ ಹೊಳೆಯಿತು.

"ಮಾವ, ಬಿಡಿ, ಓಡೋಕೆ ಬಿಡಿ!" ನವೀನ ಅವರ ಸೊಂಟ ಹಿಡಿದು ನಿಂತಿದ್ದ. ಇವರು ನಗುತ್ತಿದ್ದರು.

ಕೋಲು ನೆಟ್ಟಗಾಯಿತು.

ಸುತ್ತಿ ಎಳೆದಾಗ ಬಂದದ್ದು ಬರೀ ದಾರ. ಹರಿದಿರಲಿಲ್ಲ. ತುದಿ ಹಂದಿ ಬಾಲದ ಹಾಗೆ ಸುರುಳಿಯಾಗಿತ್ತು. ಗಂಟು ಜಾರಿ ಬಿಚ್ಚಿದ್ದು. ಇವರು ಆ ಸುರುಳಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಿಡಿಸಿದರು. ಬಿಟ್ಟರೆ ಮತ್ತೆ ಸುರುಳಿ. ಮತ್ತೆ ಬಿಡಿಸಿದರು. ನವೀನ ಫೋನಿನ ವಿಚಾರ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಇವರು ಪೆಟ್ಟಿಗೆಯನ್ನು ತಂದು ನನ್ನ ಮಡಿಲಿಗೆ ಇಟ್ಟರು.

"ಇನ್ನ್ ನೀನೇ ಕಟ್ಟ್."

ಐವತ್ತು ವರ್ಷ ಸಂಸಾರ ಮಾಡಿದ್ದೆ. ಕುಡಿದು ಹೊಡೆದದ್ದಿದೆ, ಬಯ್ದದ್ದಿದೆ. ಯಾವುದಕ್ಕೂ ನಾನು ಅಷ್ಟು ಹೆದರಿರಲಿಲ್ಲ. ತಾಂಡೇಲ ಹೆಂಗಸಿನ ಕೈಗೆ ಗಾಳ ಕೊಟ್ಟರೆ ಅವನು ಮುಗಿದ ಅಂತಲೇ ಅರ್ಥ.

ಆದರೂ ಕಟ್ಟಿದೆ. ಅಡುಗೆಮನೆಯ ಕುರ್ಚಿ ಕಾಲಿಗೆ ದಾರ ಹಾಕಿ, ನವೀನನ ಫೋನು ಎದುರಿಗಿಟ್ಟು ಕಲಿತೆ. ಗಾಳದ ಕಣ್ಣಿನಲ್ಲಿ ತೂರಿಸಿ, ದಾರವನ್ನು ದಾರದ ಮೇಲೆ ಸುತ್ತಿ, ತುದಿಯನ್ನು ಕೆಳಗಿನ ಕಣ್ಣಿಗೆ ಹಾಕಿ, ಬಾಯಲ್ಲಿ ಒದ್ದೆ ಮಾಡಿ ಎಳೆಯುವುದು. ಜಡೆ ಹೆಣೆದವಳಿಗೆ ಕಷ್ಟವೇನಿಲ್ಲ. ಹೊಳೆಯುವ ಲೋಹದ ತುಂಡು ಬೇಡ ಅಂದೆ, ಅದನ್ನು ಎಸೆದು ಎಸೆದು ಬೇಗ ಸುತ್ತಲು ನನ್ನ ತೋಳಿಗಾಗದು. ಮ್ಯೂಲಿ ಪೂರ್ತಿ ಕರಗುವ ಮೊದಲೇ ಸಿಕ್ಕಿಸಬೇಕು. ಕರಗಿದರೆ ಹೊಟ್ಟೆ ಹರಿಯುತ್ತದೆ. ಬಾಲದಿಂದ ಶುರು ಮಾಡಿ ಕಣ್ಣಿಗೆ ಮುಗಿಸಬೇಕು. ನೆಟ್ಟಗೆ, ಬದುಕಿದ ಮೀನು ಈಜುವ ಹಾಗೆ. ನವೀನ ತನ್ನ ಹಳದಿ ಗವಸು ನನಗೆ ಕೊಡಲು ಬಂದ. "ಅದ್ನ ನಿನ್ನ್ ಅಮ್ಮಂಗ್ ಕಳ್ಸ್" ಅಂದೆ.

ಇವರು ಈಗ ಕಾರಿನಿಂದ ಇಳಿಯುತ್ತಿರಲಿಲ್ಲ. ಕಾರನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಿ, ಮುಂದಿನ ಸೀಟಿನಲ್ಲಿ ಕೂರಿಸಿ, ನಾನು ಕಲ್ಲಿನ ಮೇಲೆ ನಿಲ್ಲುವುದು. ನಮ್ಮೂರಿನ ಬೇಸಿಗೆಯಲ್ಲಿ ಅಲ್ಲಿ ಚಳಿ ಬಂತು. ಮೊದಲ ಮಳೆ ಕಡಲಿನಿಂದ ಗೋಡೆಯ ಹಾಗೆ ಎದ್ದು ಬಂತು. ದಂಡೆಯಲ್ಲಿ ಜನ ಕಡಿಮೆಯಾದರು. ಸಾಲ್ಮನ್ ಮುಗಿಯುತ್ತ ಬಂತು ಅಂದರು. ಡಾಕ್ಟರು ತೂಕ ನೋಡಿ ಶೋಭಾಳನ್ನು ಹೊರಗೆ ಕರೆದು ಮಾತಾಡಿದರು. ಮರುದಿನ ಮತ್ತೆ ಗಾಳ ಕಟ್ಟಿದೆ.

ಸಿಕ್ಕಿತು. ಮಳೆ ನಿಂತು ನೀರು ಬೂದಿ ಬಣ್ಣಕ್ಕೆ ತಿರುಗಿದ್ದ ಒಂದು ಬೆಳಗ್ಗೆ, ಕೋಲು ನನ್ನ ಕೈ ಕಿತ್ತುಕೊಂಡು ಹೋಗುವ ಹಾಗೆ ಎಳೆಯಿತು. ನವೀನ ಕುಣಿಯತೊಡಗಿದ. "ಅತ್ತೆ, ಬಿಡಿ, ಬಿಡಿ! ಈಗ ಎಳೀರಿ! ಅಯ್ಯೋ ಬಿಡಿ!"

"ಎಳಿಯುದೋ ಬಿಡುದೋ, ಒಂದ್ ಹೇಳ್ ಮಾರಾಯ!"

ಗಂಟು ಜಾರಲಿಲ್ಲ. ಪಕ್ಕದಲ್ಲಿದ್ದ ಬಿಳಿ ಮುದುಕನೊಬ್ಬ ಹಿಡಿಬಲೆ ತಂದು ಮೀನನ್ನು ಎತ್ತಿಕೊಟ್ಟ. ಎತ್ತಿಕೊಟ್ಟು ಏನೋ ಹೇಳಿ ನಕ್ಕ.

"ಎಂಥ ಅಂತ ಅವ?"

ನವೀನ ಹಿಂಜರಿದ. "ಹಿಡಿಯೋಕೆ ಮಜಾ, ತಿನ್ನೋಕೆ ಏನೂ ಅಲ್ಲ, ನಾವು ಇದನ್ನ ಸಿಗಡಿ ಬೋನಿಗೆ ಎರೆ ಹಾಕ್ತೀವಿ ಅಂತಿದಾರೆ ಅತ್ತೆ."

"ಬಾಯ್ ಮುಚ್ಚ್ ಅಂತ ಹೇಳ್."

"ಥ್ಯಾಂಕ್ಸ್ ಅಂತ ಹೇಳ್ದೆ ಅತ್ತೆ."

ಬಕೆಟ್ಟಿನ ನೀರಿನಲ್ಲಿ ತಲೆ ಮಾತ್ರ ಮುಳುಗಿತ್ತು, ಬಾಲ ಹೊರಗೆ ಬಡಿಯುತ್ತಿತ್ತು. ಓಡಿದೆವು. ಕಾರಿನ ಬಾಗಿಲು ತೆಗೆದು ಅವರ ಕಾಲ ಬಳಿ ಇಟ್ಟೆ. ಅವರು ಬಗ್ಗಿ, ಹೆಬ್ಬೆರಳಿನಿಂದ ಕಿವಿರು ಎತ್ತಿ ನೋಡಿದರು. ಒಳಗೆ ದಾಸವಾಳದ ಕೆಂಪು. ಮೀನು ಅವರ ಕೈಯಲ್ಲಿ ಉಸಿರಿಗೆ ಬಾಯಿ ತೆರೆಯುತ್ತಿತ್ತು.

"ಹೊಸ್ತ್" ಅಂದರು. ಆಮೇಲೆ, "ಇಲ್ಲೇ ನೆತ್ರ್ ಬಿಡ್ಸ್. ಹುಳಿ ಮುಂದ್ ಮಾಡ್. ಕಾಯಿ ಜಾಸ್ತಿ ಬ್ಯಾಡ."

ಸಾರಿನ ವಿಷಯ ಹೇಳಿದರಲ್ಲ, ನಾನು ನಂಬಿದೆ. ಮನೆಯ ದಾರಿಯುದ್ದಕ್ಕೂ, ನಾಳೆ ಇನ್ನೊಂದು ಹಿಡಿಯುತ್ತೇನೆ, ಹದಿನೈದು ದಿನ ತಿಂದರೆ ಡಾಕ್ಟರು ಚೀಟಿ ಕೊಡುತ್ತಾರೆ, ಮಳೆ ಜೋರಾಗುವ ಮೊದಲು ಗಂಗೊಳ್ಳಿ ಅಂತ ಲೆಕ್ಕ ಹಾಕಿದೆ. ನವೀನನ ಅಡುಗೆಮನೆ ಕೆಡಿಸುವುದು ಬೇಡ ಅಂತ ಹಿತ್ತಿಲಿನ ಬಾರ್ಬೆಕ್ಯೂ ಒಲೆಯಲ್ಲೇ ಸಾರು ಕುದಿಸಿದೆ. ಮುಳ್ಳು ತೆಗೆದು, ಕಿವುಚಿ, ಗಂಜಿಯಲ್ಲಿ ಕಲಸಿ ಕೊಟ್ಟೆ.

ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅತ್ತಿತ್ತ ಆಡಿಸಿದರು. ನುಂಗಿದರು. ಅದು ಇಳಿಯಲಿಲ್ಲ. ಕೊಳವೆಯ ಬಾಯಿಗೂ ಗಡ್ಡೆ ಬೆಳೆದಿತ್ತಂತೆ, ಆಮೇಲೆ ಹೇಳಿದರು. ಮೂಗಿನಲ್ಲಿ ಬಂತು, ಕೆಮ್ಮಿನಲ್ಲಿ ಬಂತು. ಶೋಭಾ ಬೆನ್ನು ಉಜ್ಜುತ್ತ ಅತ್ತಳು. ಅವರು ಸುಧಾರಿಸಿಕೊಂಡು ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ನೀ ತಿನ್. ಹೊಸ್ ಮೀನ್."

ತಿಂದೆ. ಅವರು ನೋಡುತ್ತಿದ್ದರು, ಅದಕ್ಕೇ ತಟ್ಟೆ ಖಾಲಿ ಮಾಡಿದೆ. ಆ ಮುದುಕ ಹೇಳಿದ್ದು ಸರಿ. ಒರಟು, ರಕ್ತದ ರುಚಿ, ತಿನ್ನುವ ಮೀನಲ್ಲ.

ಆ ವಾರವೇ ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಅಲ್ಲೇ, ಗುಂಡಿ ಒತ್ತುವ ಸುಡುಗಾಡಿನಲ್ಲಿ ಸುಟ್ಟೆವು. ಹೊರುವವರು ಬೇಕಾಗಲಿಲ್ಲ, ಗಾಲಿ ಇತ್ತು.

ಬೊಜ್ಜ, ಅಂದರೆ ಸತ್ತವರ ಕರ್ಮ ಮುಗಿದ ಮೇಲೆ ಅವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ ಕಾಗೆಗೆ ಹೊರಗಿಡುವುದು ನಮ್ಮ ಕ್ರಮ. ಮೀನು ಬೇಕೇ ಬೇಕು. ಕಡಲಿನಲ್ಲಿ ಆಗ ಎಡೆಬಿಡದ ಗಾಳಿ ಮಳೆ, ದಂಡೆಗೆ ಹೋಗುವ ಹಾಗಿರಲಿಲ್ಲ. ನಾನು ಹಿಡಿದ ಸಾಲ್ಮನ್ನಿನಲ್ಲಿ ಉಳಿದದ್ದನ್ನು ನವೀನ ಕೊಯ್ದು ಫ್ರೀಜರಿನಲ್ಲಿಟ್ಟಿದ್ದ. ಗವಸು ಇಲ್ಲದೆ, ಬರಿಗೈಯಲ್ಲಿ ಕೊಯ್ದಿದ್ದನಂತೆ. ಶೋಭಾ ಅದನ್ನೇ ತೆಗೆದು ಕೊಟ್ಟಳು. ಕಲ್ಲಿನ ಹಾಗಿತ್ತು. ನಾನು ಬೇಡ ಅಂದೆ. "ಅಪ್ಪಂಗಾಯಿ ಹಿಡ್ದ್ ಮೀನಲ್ದಾ ಅಮ್ಮ" ಅಂದಳು. ಬೇರೆ ಇರಲಿಲ್ಲ. ಬಾಳೆ ಎಲೆಯೂ ಇಂಡಿಯನ್ ಅಂಗಡಿಯ ಐಸಿನದ್ದೇ, ಕರಗಿ ಕಪ್ಪಾಗಿತ್ತು. ಹಿತ್ತಿಲಿನ ಬೇಲಿ ಪಕ್ಕ ಇಟ್ಟು ಒಳಗೆ ಬಂದೆವು.

ಅಲ್ಲಿಯ ಕಾಗೆ ನಮ್ಮದಕ್ಕಿಂತ ದೊಡ್ಡದು, ಹಸಿದ ಮಗು ಅತ್ತ ಹಾಗೆ ಎಳೆದು ಕೂಗುತ್ತದೆ. ಒಂದು ಬಂದು ಬೇಲಿಯ ಮೇಲೆ ಕೂತಿತು. ನೇರ ಇಳಿದು, ಅನ್ನ ಬಿಟ್ಟು, ಮೊದಲು ಮೀನಿಗೇ ಬಾಯಿ ಹಾಕಿತು. ಶೋಭಾ ನನ್ನ ತೋಳು ಹಿಡಿದು ಬಿಕ್ಕಿದಳು. ನವೀನ ಕೈ ಮುಗಿದ. "ಮಾವ ಬಂದ್ರು ಅತ್ತೆ. ನೀವು ಹಿಡಿದ ಮೀನನ್ನ ತಿಂದ್ರು ನೋಡಿ."

ಕೋಲು, ಪೆಟ್ಟಿಗೆ ಎಲ್ಲವನ್ನೂ ನವೀನ ಅಡಿಲೇಡಿಗೆ ಹೋಗುತ್ತಿದ್ದ ಸ್ನೇಹಿತನಿಗೆ ಕೊಟ್ಟುಬಿಟ್ಟ. ಆಮೇಲೆ ಮಗಳು ಅಳಿಯ ಬ್ರಿಸ್ಬೇನಿಗೆ ಬಂದರು. ಕಾಗೆಯ ಕತೆ ಮಾತ್ರ ಅವರ ಜೊತೆಗೇ ಬಂತು. ಶೋಭಾ ಅದನ್ನು ಹೇಳುವಾಗ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಆ ಕಾಗೆ ಮುಳ್ಳು ಸಹ ಬಿಡದೆ ತಿಂದು, ಎಲೆಗೆ ಕೊಕ್ಕು ಒರೆಸಿ ಹೋಯಿತು. ಅದು ನನ್ನ ಗಂಡ ಆಗಿರಲಿಲ್ಲ. ಅವರು ಐಸ್ ಮೀನು ಮುಟ್ಟುವವರಲ್ಲ.